ಅಳುವುದೇ ಇಲ್ಲ, ಆದರೂ ಖಿನ್ನತೆ ಇರಬಹುದಾ?

ಪ್ರಶ್ನೆ: ನನ್ನ ಗಂಡನಿಗೆ 41 ವರ್ಷ. ಒಂದು ತಿಂಗಳಿಂದ ತುಂಬಾ ಬದಲಾಗಿದ್ದಾರೆ. ಕೆಲಸಕ್ಕೆ ಹೋಗುತ್ತಾರೆ, ಬರುತ್ತಾರೆ, ಅಷ್ಟೇ. ಮಾತು ಕಡಿಮೆ, ಸಣ್ಣಪುಟ್ಟದಕ್ಕೆಲ್ಲ ರೇಗುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗಿ ಸುಮ್ನೆ ಕೂತಿರುತ್ತಾರೆ. ತಾವೇ ಆಸೆಯಿಂದ ಬೆಳೆಸಿದ ಹೂವಿನ ಕುಂಡಗಳಿಗೆ ನೀರು ಹಾಕುವುದನ್ನೂ ಬಿಟ್ಟಿದ್ದಾರೆ. ಕೇಳಿದರೆ 'ಏನಿಲ್ಲ, ಸುಸ್ತು' ಅನ್ನುತ್ತಾರೆ. ಒಂದು ದಿನವೂ ಅತ್ತಿದ್ದು ನೋಡಿಲ್ಲ. ಇದು ಸೋಮಾರಿತನವಾ, ಖಿನ್ನತೆಯಾ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಗಮನ ಮೊದಲು ಹೋಗಿದ್ದು ಆ ಕುಂಡಗಳ ಕಡೆಗೆ. ಸೋಮಾರಿಗಳು ಬೇಡದ ಕೆಲಸ ತಪ್ಪಿಸಿಕೊಳ್ಳುತ್ತಾರೆ, ಇಷ್ಟದ್ದನ್ನು ಬಿಡುವುದಿಲ್ಲ ಅಲ್ವಾ? ಖಿನ್ನತೆಯಲ್ಲಿ ಎಷ್ಟೋ ಸಲ ಮೊದಲು ಬಿಟ್ಟುಹೋಗುವುದೇ ಇಷ್ಟದ್ದು. ಹಾಗಾಗಿ ಸೋಮಾರಿತನ ಅನ್ನುವ ಮಾತನ್ನು ದಯವಿಟ್ಟು ಪಕ್ಕಕ್ಕಿಡಿ.

ಅಳು ಬರಲೇಬೇಕು ಅಂತೇನಿಲ್ಲ. ಎಷ್ಟೋ ಜನ, ಅದರಲ್ಲೂ ಗಂಡಸರು, ಬೇಜಾರಾಗಿದೆ ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ, ಅದು ಸಿಟ್ಟು, ಸುಸ್ತು, ತಲೆನೋವು, ಬೆನ್ನುನೋವಾಗಿ ಹೊರಗೆ ಬರುತ್ತದೆ. ಬೇಗ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದೂ ಗಮನಿಸಬೇಕಾದ ಲಕ್ಷಣವೇ. ಕೆಲವರಿಗೆ ಬೆಳಗ್ಗೆ ಮನಸ್ಸು ತೀರಾ ಭಾರವಾಗಿದ್ದು ಸಂಜೆ ಹೊತ್ತಿಗೆ ಸ್ವಲ್ಪ ಹಗುರಾಗುತ್ತದೆ. ಸಂಜೆ ನಕ್ಕರು ಅಂತ, ಎಲ್ಲ ಸರಿಹೋಯ್ತು ಅಂದುಕೊಳ್ಳಬೇಡಿ.

ಒಂದೆರಡು ದಿನ ಬೇಜಾರು ಎಲ್ಲರಿಗೂ ಆಗುತ್ತದೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನದಲ್ಲಿ ಏರುಪೇರು, 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಅನ್ನುವ ಭಾವನೆ, ಇಂಥವು ಹೆಚ್ಚುಕಡಿಮೆ ದಿನವೂ 2 ವಾರ ಮುಂದುವರಿದರೆ ಡಾಕ್ಟರಿಗೆ ತೋರಿಸಲೇಬೇಕು. ನಿಮ್ಮ ಮನೆಯಲ್ಲಿ ಆಗಲೇ ಒಂದು ತಿಂಗಳಾಗಿದೆ. ಡಾಕ್ಟರು ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಪಟ್ಟಿ ಕೊಡಬಹುದು. ಒಟ್ಟು 27 ಅಂಕ, 10 ಅಥವಾ ಜಾಸ್ತಿ ಬಂದರೆ ಇನ್ನಷ್ಟು ವಿವರವಾಗಿ ವಿಚಾರಿಸುತ್ತಾರೆ. ರಕ್ತಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್ ಕಡಿಮೆಯಾದರೆ, ಬಿ12 ಅಥವಾ ರಕ್ತ ಕಡಿಮೆ ಇದ್ದರೆ ಇದೇ ಥರದ ಸುಸ್ತು, ಮಂಕು ಕಾಣಿಸಬಹುದು.

ಮಾತಾಡುವಾಗ 'ಧೈರ್ಯ ತಂದುಕೊಳ್ಳಿ' ಅನ್ನಬೇಡಿ. ಆ ಧೈರ್ಯ ಎಲ್ಲಿಂದ ತರಬೇಕು ಅಂತಲೇ ಅವರಿಗೆ ಗೊತ್ತಾಗುತ್ತಿಲ್ಲ. ಕಂಡಿದ್ದನ್ನಷ್ಟೇ ಹೇಳಿ: 'ನಾಲ್ಕಕ್ಕೇ ಎದ್ದು ಕೂತಿರ್ತೀರಿ, ಗಿಡಗಳ ಕಡೆ ನೋಡ್ತಾನೂ ಇಲ್ಲ, ನನಗೆ ಚಿಂತೆ ಆಗ್ತಿದೆ.' ಆಮೇಲೆ ಸುಮ್ಮನಿರಿ, ಅವರು ಎಷ್ಟೇ ಹೊತ್ತು ತೊಗೊಂಡರೂ ಕಾಯಿರಿ.

ಇನ್ನೊಂದು ಪ್ರಶ್ನೆ, ಕೇಳೋಕೆ ಕಷ್ಟ, ಆದರೂ ಕೇಳಿ: 'ಬದುಕೋದೇ ಬೇಡ ಅನ್ನಿಸಿದೆಯಾ?' ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನುವ ಭಯ ಬೇಡ, ಹಾಗಾಗುವುದಿಲ್ಲ. 'ಹೌದು' ಅಂದರೆ ಒಬ್ಬರನ್ನೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಾಗೇನೂ ಇಲ್ಲದಿದ್ದರೂ ಈ ವಾರವೇ ಡಾಕ್ಟರ ಬಳಿ ಹೋಗಿ. ಅಪಾಯಿಂಟ್‌ಮೆಂಟ್ ನೀವೇ ತೊಗೊಳ್ಳಿ. ಒಂದು ಫೋನ್ ಮಾಡುವುದೂ ಅವರಿಗೆ ಈಗ ಬೆಟ್ಟ ಹತ್ತಿದ ಹಾಗೆ.