ಜೇನು ಕಚ್ಚಿದರೆ ಸುಣ್ಣ ಹುಡುಕಬೇಡಿ, ಮೊದಲು ಮುಳ್ಳು ತೆಗೆಯಿರಿ

ಪುಣೆಗೆ ಹೊಸದಾಗಿ ಬಂದಿದ್ದೀರಿ, ಮಕ್ಕಳ ಜೊತೆ ಸಿಂಹಗಡ ಕೋಟೆ ಹತ್ತಬೇಕು, ಜೇನು ಕಚ್ಚಿದರೆ ಸುಣ್ಣ ಹಚ್ಚಿದರೆ ಸಾಕಾ ಅಂತ ಕೇಳಿದ್ದೀರಿ. ಸುಣ್ಣ ಬೇಡ. ಅದು ಚರ್ಮ ಸುಡುತ್ತದೆ, ಕಣ್ಣಿಗೆ ತಾಗಿದರೆ ಇನ್ನೂ ಅಪಾಯ.

ನಾನು ಧಾರವಾಡದವಳು. ನಮ್ಮಲ್ಲೂ ಸುಣ್ಣವೇ ಮದ್ದು. ಸಿಂಹಗಡದ ದಾರಿಯಲ್ಲಿ ಮಗಳ ಮಣಿಕಟ್ಟಿಗೆ ಜೇನು ಚುಚ್ಚಿದಾಗ ನಾನು ಯಾರ ಹತ್ತಿರ ಎಲೆಅಡಿಕೆ ಸಂಚಿ ಇದೆ ಅಂತ ನೋಡುತ್ತಿದ್ದೆ. ಮಡಕೆ ಮೊಸರು ಮಾರುವ ಮೌಶಿ ಒಬ್ಬರು 'ಆಧೀ ಕಾಟಾ ಕಾಢ್' (ಮೊದಲು ಮುಳ್ಳು ತೆಗೆ) ಎಂದು ಮಗಳ ಕೈ ಹಿಡಿದು, ಉಗುರಿನಿಂದ ಮುಳ್ಳು ಕೆರೆದು ತೆಗೆದರು. ಅವರು ಮಾಡಿದ್ದೇ ಸರಿ. ಜೇನಿನ ಮುಳ್ಳಿಗೆ ಕೊಕ್ಕೆಗಳಿವೆ. ಅದು ವಿಷದ ಚೀಲದ ಸಮೇತ ಚರ್ಮದಲ್ಲೇ ಉಳಿಯುತ್ತದೆ, ಜೇನು ಹಾರಿಹೋದ ಮೇಲೂ ವಿಷ ಒಳಗೆ ಇಳಿಯುತ್ತಲೇ ಇರುತ್ತದೆ. ಉಗುರೋ, ಚಿಮಟವೋ, ಎಟಿಎಂ ಕಾರ್ಡೋ ಅಂತ ಯೋಚಿಸುತ್ತಾ ನಿಲ್ಲಬೇಡಿ. ಕೈಗೆ ಸಿಕ್ಕಿದ್ದರಿಂದ ತಕ್ಷಣ ತೆಗೆಯಿರಿ. ಕಣಜವಾದರೆ ಸಾಮಾನ್ಯವಾಗಿ ಮುಳ್ಳು ಉಳಿಯುವುದಿಲ್ಲ.

ಆಮೇಲೆ ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಇಡಿ. ಕೈಗೆ ಕಚ್ಚಿದ್ದರೆ ಬಳೆ, ಉಂಗುರ ಆಗಲೇ ಬಿಚ್ಚಿ, ಊದಿಕೊಂಡ ಮೇಲೆ ಬರುವುದಿಲ್ಲ.

ಕಚ್ಚಿದ ಜಾಗ ಊದುವುದು ಸಹಜ, ಅದಕ್ಕೆ ಹೆದರಬೇಡಿ. ಉಸಿರು ನೋಡಿ. ಉಬ್ಬಸ, ತುಟಿ ನಾಲಿಗೆ ಊದುವುದು, ಮೈತುಂಬ ದದ್ದು, ತಲೆಸುತ್ತು, ವಾಂತಿ ಶುರುವಾದರೆ 108ಕ್ಕೆ ಫೋನ್ ಮಾಡಿ. ಆಗ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿಗೆ ಕೊಡುವ ಸೆಟಿರಿಜಿನ್ ಮಾತ್ರೆ ತುರಿಕೆಗೆ ಸರಿ, ಉಸಿರು ಕಟ್ಟುವುದನ್ನು ಅದು ತಡೆಯುವುದಿಲ್ಲ. ಬಾಯೊಳಗೆ ಕಚ್ಚಿದರೂ, ತುಂಬಾ ಕಡೆ ಕಚ್ಚಿದರೂ ಸುಮ್ನೆ ಕಾಯದೆ ಆಸ್ಪತ್ರೆಗೆ ಹೋಗಿ.

ಇಲ್ಲಿನ ಕೋಟೆಗಳಲ್ಲಿ ನನಗೆ ಜಾಸ್ತಿ ಭಯ ಹೆಜ್ಜೇನಿನದು. ಮರಾಠಿಯಲ್ಲಿ ಅದರ ಗೂಡಿಗೆ 'ಆಗ್ಯಾ ಮೋಹೋಳ' ಅಂತಾರೆ, ಯಾರಾದರೂ ಆ ಮಾತು ಹೇಳಿದರೆ ಮಕ್ಕಳನ್ನು ಕರೆದುಕೊಂಡು ಹಿಂತಿರುಗಿ. ಒಂದು ಚುಚ್ಚಿದ ಜಾಗದಿಂದ ಬರುವ ವಾಸನೆ ಉಳಿದವನ್ನೂ ಕೆರಳಿಸುತ್ತದೆ. ಹಾಗಾಗಿ ಜೇನು ಎದ್ದರೆ ಹೊಡೆಯಬೇಡಿ, ಮುಖ ಮುಚ್ಚಿಕೊಂಡು ದೂರ ಓಡಿ. ಮುಳ್ಳು ತೆಗೆಯುವುದು ಆಮೇಲೆ.

ಇನ್ನೊಂದು, ಸಿಂಹಗಡದ ಮೇಲಿನವರೆಗೂ ಗಾಡಿ ಬರುವ ರಸ್ತೆ ಇದೆ. ಉಸಿರಿನ ತೊಂದರೆ ಆದ ಮಗುವನ್ನು ಕಾಲುದಾರಿಯಲ್ಲಿ ನಡೆಸಬೇಡಿ, ಸಿಕ್ಕ ಗಾಡಿಯಲ್ಲಿ ಕೆಳಗೆ ಕರೆತನ್ನಿ.