ಪಿಂಚಣಿ ನಿಂತಿತು, ಅನುಮಾನ ಮಗನ ಮೇಲೆ ಹೋಯಿತು

ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ. ಆದರೆ ಸಲಹೆ ಕೇಳಿ ನನ್ನ ಬಳಿ ಬರುವವರಲ್ಲಿ ಇಂಥ ಪ್ರಕರಣ ಮತ್ತೆ ಮತ್ತೆ ಕಾಣುತ್ತಿದೆ.

71 ವರ್ಷದ ಅಜ್ಜಿ. ಮಗ, ಸೊಸೆಯ ಜೊತೆ ವಾಸ. ಹಿರಿಯರಿಗೆ ರಾಜ್ಯ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಯ ತಿಂಗಳ 1,200 ರೂಪಾಯಿ ಎಂಟು ತಿಂಗಳಿಂದ ಪಾಸ್‌ಬುಕ್ಕಿಗೆ ಬಂದಿಲ್ಲ. ಮಗನೇ ತಿಂದಿದ್ದಾನೆಂದು ಅವರ ನಂಬಿಕೆ. "ಕೇಳುದ್ರೆ ರೇಗ್ತಾನೆ. ಕೇಳ್ದಿದ್ರೆ ಬಿಪಿ ಮಾತ್ರೆಗೂ ಸೊಸೆ ಮುಂದೆ ಕೈ ಚಾಚ್ಬೇಕು ಕಣವ್ವ." ಜೊತೆಗೆ ಬಂದಿದ್ದ ಪಕ್ಕದ ಮನೆಯವರು ಉಪವಿಭಾಗಾಧಿಕಾರಿಗೆ ದೂರು ಬರೆಸಲು ಅವಸರ ಮಾಡುತ್ತಿದ್ದರು.

ಎರಡನೇ ಭೇಟಿಯಲ್ಲಿ ಮಗನ ವಿಷಯ ಬದಿಗಿಟ್ಟು ಕೇಳಿದ ಪ್ರಶ್ನೆ ಒಂದೇ: ಪಿಂಚಣಿ ನಿಲ್ಲುವ ಮುಂಚೆ ಹೆಬ್ಬೆಟ್ಟು ಎಲ್ಲೆಲ್ಲಿ ಒತ್ತಿದ್ದಿರಿ? ರೇಷನ್ ಅಂಗಡಿ ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಪಂಚಾಯ್ತಿ ಮುಂದೆ ಕ್ಯಾಂಪ್ ಹಾಕಿದ್ರಲ್ಲ, ಅಲ್ಲೂವೆ. ಒಂದ್ ಕಾರ್ಡ್ ಕೊಟ್ರು. ಟ್ರಂಕ್ನಲ್ಲಿ ಮಡ್ಗಿವ್ನಿ."

ಆ ಕಾರ್ಡು ಹೊಸ ಖಾತೆಯದು. ಸರ್ಕಾರದಿಂದ ನೇರ ವರ್ಗಾವಣೆಯಾಗುವ ಹಣ ಪಾಸ್‌ಬುಕ್ ಇರುವ ಬ್ಯಾಂಕನ್ನು ಹುಡುಕಿಕೊಂಡು ಹೋಗುವುದಿಲ್ಲ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಎಂಟು ತಿಂಗಳ 9,600 ರೂಪಾಯಿಯೂ ಅಲ್ಲೇ ಇತ್ತು.

ಕೊಟ್ಟ ಸಲಹೆ ಇಷ್ಟು. ಮೊದಲು ನಾಡಕಚೇರಿಯಲ್ಲಿ ಆಧಾರ್ ಮತ್ತು ಮಂಜೂರಾತಿ ಆದೇಶ ತೋರಿಸಿ, ಪಿಂಚಣಿ ರದ್ದಾಗಿದೆಯೋ ಚಾಲ್ತಿಯಲ್ಲಿದೆಯೋ ಕೇಳಬೇಕು. ಪರಿಶೀಲನೆಗೆ ಬಂದಾಗ ಮನೆಯಲ್ಲಿಲ್ಲದವರದು, ಆಧಾರ್‌ನಲ್ಲಿ ಹೆಸರು ಹೊಂದದವರದು ರದ್ದಾಗಿರಬಹುದು. ಅವರದು ಬೇರೆ ದಾರಿ. ಚಾಲ್ತಿಯಲ್ಲಿದ್ದರೆ ಹಳೆಯ ಬ್ಯಾಂಕಿನಲ್ಲಿ "ಆಧಾರ್ ಲಿಂಕ್ ಆಗಿದೆಯೇ" ಎಂದು ಕೇಳಿ ಸುಮ್ಮನಾಗಬೇಡಿ. ಖಾತೆಗೆ ಆಧಾರ್ ಸಂಖ್ಯೆ ಸೇರಿದ್ದರೆ ಸಾಕು, ಅವರು ಹೌದು ಎಂದುಬಿಡುತ್ತಾರೆ. "ಎನ್‌ಪಿಸಿಐ ಮ್ಯಾಪಿಂಗ್ ನಿಮ್ಮ ಬ್ಯಾಂಕಿಗೆ ಇದೆಯೇ" ಎಂದೇ ಕೇಳಿ. ಆಧಾರ್ ಮೂಲಕ ಬರುವ ಹಣ ಯಾವ ಬ್ಯಾಂಕಿಗೆ ಹೋಗಬೇಕೆಂದು ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಇಟ್ಟಿರುವ ದಾಖಲೆಯೇ ಈ ಮ್ಯಾಪಿಂಗ್. ಇಲ್ಲದಿದ್ದರೆ ಒಪ್ಪಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮ್ಯಾಪಿಂಗ್ ಬದಲಾದರೂ ಹಳೆಯ ಕಂತು ತಾನಾಗಿ ವಾಪಸು ಬರುವುದಿಲ್ಲ, ಹೊಸ ಖಾತೆಯಿಂದಲೇ ತೆಗೆಯಬೇಕು. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ದೂರು ತಡೆದದ್ದು ಮಗನ ಪರ ವಹಿಸಿದಂತಾಯಿತು ಎಂಬ ಆಕ್ಷೇಪ ಬಂತು. ಅಂಥ ದೂರಿಗೆ ಆಧಾರವಾದ 2007ರ ಪಾಲಕರ ಪೋಷಣೆ ಕಾಯ್ದೆ ಬೇಕೇ ಬೇಕು. ಹಣ ಕಸಿದ ಮಕ್ಕಳ ಮೇಲೆ ಅದನ್ನು ಬಳಸಲು ಹಿಂಜರಿಯಬಾರದು. ಆದರೆ ನೋಟಿಸು ಒಮ್ಮೆ ಮನೆಗೆ ಬಂದರೆ, ಆಮೇಲೆ ದುಡ್ಡು ಸಿಕ್ಕರೂ ಅದೇ ಮನೆಯಲ್ಲಿ ಉಣ್ಣಬೇಕಾದವರು ಅಜ್ಜಿ. ನಾಡಕಚೇರಿಯಲ್ಲಿ ವಿಚಾರಿಸಲು ಒಂದು ಬೆಳಿಗ್ಗೆ ಸಾಕು. ದೂರು ಅದಾದ ಮೇಲೂ ಕೊಡಬಹುದು.

ಅನುಮಾನಪಟ್ಟದ್ದನ್ನು ಮಗನಿಗೆ ಹೇಳಬೇಕೇ ಎಂದು ಅಜ್ಜಿ ಕೇಳಿದರು. ಈಗಲೇ ಬೇಡ, ಬ್ಯಾಂಕಿಗೆ ಜೊತೆಗೆ ಬಾ ಎಂದು ಕರೆಯಿರಿ ಎಂದೆ. ತನ್ನ ಮೇಲಿನ ಅನುಮಾನ ಅವನಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಬ್ಯಾಂಕಿನವರೆಗೆ ಬಂದ, ಒಳಗೆ ಬರದೆ ಬೈಕಿನ ಮೇಲೆಯೇ ಕೂತಿದ್ದ.