ರೂಫ್ ಬಟ್ಟೆ ಜೋತು ಬಿದ್ದಿದೆಯಾ? ಹಳೇ ಬಟ್ಟೆಗೆ ಮತ್ತೆ ಗಮ್ಮು ಹಾಕಿಸಬೇಡಿ

ಪ್ರಶ್ನೆ: ನನ್ನದು 2011ರ ಸೆಡಾನ್ ಕಾರು, ಇರೋದು ಕಲಬುರಗಿಯಲ್ಲಿ. ಮನೆಗೆ ಶೆಡ್ ಇಲ್ಲ, ಕಾರು ಬಿಸಿಲಲ್ಲೇ ನಿಲ್ಲುತ್ತದೆ. ಕಳೆದ ಬೇಸಿಗೆಯಲ್ಲಿ ಹಿಂದಿನ ಗ್ಲಾಸಿನ ಹತ್ತಿರ ರೂಫ್ ಬಟ್ಟೆ ಸ್ವಲ್ಪ ಬಿಟ್ಟುಕೊಂಡಿತ್ತು. ಈಗ ನಡುವಿನ ತನಕ ಜೋಳಿಗೆ ಹಾಗೆ ಇಳಿದಿದೆ, ಹಿಂದೆ ಕೂತವರ ತಲೆಗೆ ತಾಗುತ್ತದೆ. ಸಿರಿಂಜಿನಲ್ಲಿ ಬಿಳಿ ಫೆವಿಕಾಲ್ ಹಾಕಿ ಒತ್ತಿ ನೋಡಿದೆ. ಒಂದು ವಾರ ನಿಂತಿತು, ಆಮೇಲೆ ಮತ್ತೆ ಬಿತ್ತು, ಕಲೆ ಬೇರೆ ಉಳಿಯಿತು. ಶೋರೂಮಿನವರು ಇಡೀ ರೂಫ್ ಲೈನಿಂಗ್ ಬದಲಿಸಬೇಕು ಅಂತಾರೆ. ಸೀಟ್ ಕವರ್ ಅಂಗಡಿಯವರು ಅರ್ಧ ಗಂಟೆಯಲ್ಲಿ ಅಂಟಿಸಿ ಕೊಡ್ತೀವಿ ಅಂತಾರೆ. ಯಾರ ಮಾತು ಕೇಳಲಿ? ನಾನೇ ಮನೆಯಲ್ಲಿ ಮಾಡಿಕೊಳ್ಳಬಹುದಾ?

ಉತ್ತರ: ಸರ್, ಇಬ್ಬರ ಮಾತೂ ಬೇಡ. ಮೊದಲು ಒಂದು ಕೆಲಸ ಮಾಡಿ. ಬಟ್ಟೆ ಬಿಟ್ಟುಕೊಂಡಿರುವ ಅಂಚನ್ನು ಸ್ವಲ್ಪ ಎತ್ತಿ ಒಳಗೆ ಬೆರಳು ಆಡಿಸಿ. ಹಳದಿ ಅಥವಾ ಕಂದು ಬಣ್ಣದ ಪುಡಿ ಬೆರಳಿಗೆ ಹತ್ತುತ್ತದೆ, ಕೆಲವು ಕಾರುಗಳಲ್ಲಿ ಜಿಗುಟು ಜಿಗುಟಾಗಿರುತ್ತದೆ. ಅದು ಸತ್ತುಹೋದ ಸ್ಪಂಜು. ನಿಮ್ಮ ಫೆವಿಕಾಲ್ ನಿಲ್ಲದೆ ಇದ್ದದ್ದು ಅದರಿಂದಲೇ.

ಕಾರಿನ ರೂಫ್ ಲೈನಿಂಗ್ ಅಂದರೆ ಮೂರು ಪದರ. ಮೇಲೆ ಗಟ್ಟಿಯಾದ ಒಂದು ಬೋರ್ಡು, ಕಾರಿನ ತಗಡಿನ ಆಕಾರಕ್ಕೆ ಒತ್ತಿ ಮಾಡಿದ್ದು. ಕೆಳಗೆ ನಮ್ಮ ಕಣ್ಣಿಗೆ ಕಾಣುವ ಬಟ್ಟೆ. ಇವೆರಡರ ನಡುವೆ 3–4 ಮಿಲಿಮೀಟರ್ ದಪ್ಪದ ಸ್ಪಂಜು, ಬಟ್ಟೆಯ ಬೆನ್ನಿಗೇ ಅಂಟಿಕೊಂಡು ಬಂದಿರುತ್ತದೆ. ಗಮ್ಮು ಇರುವುದು ಬೋರ್ಡಿಗೂ ಸ್ಪಂಜಿಗೂ ನಡುವೆ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಹೊರಗಿಗಿಂತ 20 ಡಿಗ್ರಿ ಜಾಸ್ತಿ ಬಿಸಿ ಏರುತ್ತದೆ, ನಿಮ್ಮ ಊರಲ್ಲಿ ಹೊರಗೇ 42 ಇರುವಾಗ ತಗಡಿನ ಕೆಳಗೇ ಇರುವ ಆ ಸ್ಪಂಜಿನ ಗತಿ ಏನು, ಯೋಚಿಸಿ. ಹತ್ತು ಹನ್ನೆರಡು ಬೇಸಿಗೆ ಹೀಗೆ ಬೆಂದರೆ ಅದು ಹಪ್ಪಳದ ಪುಡಿ ಆಗುತ್ತದೆ. ಆಗ ಗಮ್ಮು ಎಷ್ಟೇ ಒಳ್ಳೆಯದಿರಲಿ, ಅದು ಹಿಡಿದುಕೊಳ್ಳುವುದು ಪುಡಿಯನ್ನು. ಪುಡಿ ಉದುರುತ್ತದೆ, ಜೊತೆಗೆ ಬಟ್ಟೆಯೂ ಇಳಿಯುತ್ತದೆ.

ಅದಕ್ಕೇ ಅರ್ಧ ಗಂಟೆಯ ಕೆಲಸ ಬೇಡ ಅನ್ನುತ್ತೇನೆ. ನಾನು ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬರ ಒತ್ತಾಯಕ್ಕೆ ಹಳೇ ಬಟ್ಟೆಗೇ ಗಮ್ಮು ಹೊಡೆದು ಕೊಟ್ಟೆ. ಮೂರನೇ ವಾರ ವಾಪಸ್ ಬಂತು. ದುಡ್ಡು ಹಿಂದಕ್ಕೆ ಕೊಟ್ಟೆ, ಆವತ್ತಿಂದ ಹಾಗೆ ಮಾಡಿಲ್ಲ. ಶೋರೂಮಿನವರು ಹೇಳುವುದು ಸುಳ್ಳಲ್ಲ, ಕಂಪನಿಯಿಂದ ಬಟ್ಟೆ ಬೇರೆ ಬೋರ್ಡು ಬೇರೆ ಅಂತ ಸಿಗುವುದಿಲ್ಲ, ಒಟ್ಟಿಗೇ ಬರುತ್ತದೆ, ಅದಕ್ಕೇ ಬೆಲೆ ಅಷ್ಟು. ಆದರೆ ನಿಮ್ಮ ಬೋರ್ಡು ಚೆನ್ನಾಗೇ ಇರುತ್ತದೆ. ಅದನ್ನು ಎಸೆಯುವುದು ಯಾಕೆ? ಬೋರ್ಡು ಹೊರಗೆ ತೆಗೆದು, ಹಳೇದನ್ನೆಲ್ಲ ಕೆರೆದು, ಹೊಸ ಬಟ್ಟೆ ಹಾಕುವುದೇ ಸರಿಯಾದ ದಾರಿ.

ಮನೆಯಲ್ಲಿ ಮಾಡಬಹುದಾ ಅಂದರೆ, ಮಾಡಬಹುದು. ಇಬ್ಬರು ಬೇಕು, ಎರಡು ದಿನ ಬೇಕು, ಅವಸರ ಇರಬಾರದು. ಒಂದೇ ಒಂದು ಷರತ್ತು ಇದೆ. ಬಾಗಿಲ ಪಕ್ಕದ ಕಂಬಗಳ ಪ್ಲಾಸ್ಟಿಕ್ ಮೇಲೆ ‘ಏರ್‌ಬ್ಯಾಗ್’ ಅಂತ ಅಚ್ಚು ಇದೆಯಾ ನೋಡಿ. ಇದ್ದರೆ ಬಾಗಿಲ ಮೇಲಿನ ಅಂಚಿನ ಉದ್ದಕ್ಕೂ, ಲೈನಿಂಗ್‌ನ ಹಿಂದೆಯೇ ಪರದೆಯಂಥ ಏರ್‌ಬ್ಯಾಗ್ ಮಡಚಿ ಇಟ್ಟಿರುತ್ತಾರೆ. ಅಲ್ಲಿ ಸ್ಕ್ರೂಡ್ರೈವರ್ ಹಾಕಿ ಕೀಳಬಾರದು. ಅಂಥ ಕಾರನ್ನು ಗೊತ್ತಿರುವವರ ಕೈಗೇ ಕೊಡಿ. ಕೈಪಿಡಿಯಲ್ಲೂ ಬರೆದಿರುತ್ತದೆ, ಒಮ್ಮೆ ತಿರುವಿ ಹಾಕಿ.

ಇಲ್ಲ ಅಂತ ಖಾತ್ರಿ ಆದರೆ ಶುರು ಮಾಡಿ. ಬ್ಯಾಟರಿಯ ಮೈನಸ್ ಬಿಚ್ಚಿ. ಒಳಗಿನ ಲೈಟು, ಸನ್ ವೈಸರ್, ಕೈ ಹಿಡಿಕೆಗಳು, ಕಂಬಗಳ ಪ್ಲಾಸ್ಟಿಕ್, ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್, ಎಲ್ಲ ಒಂದೊಂದಾಗಿ ಬರುತ್ತವೆ. ಹಿಡಿಕೆಯ ಸ್ಕ್ರೂಗಳು ಪುಟ್ಟ ಮುಚ್ಚಳದ ಕೆಳಗೆ ಅಡಗಿರುತ್ತವೆ, ಕಾಣಲಿಲ್ಲ ಅಂತ ಎಳೆಯಬೇಡಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಸ್ಕ್ರೂಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ. ಹಳೇ ಕಾರಿನ ಕ್ಲಿಪ್ಪುಗಳು ಕೆಲವು ಮುರಿಯುತ್ತವೆ, ಅದಕ್ಕೆ ಬೇಜಾರು ಬೇಡ, ಬಿಡಿಭಾಗದ ಅಂಗಡಿಯಲ್ಲಿ ಬಿಡಿಯಾಗೇ ಸಿಗುತ್ತವೆ.

ಬೋರ್ಡು ಹೊರಗೆ ತರುವಾಗ ಹುಷಾರು. ಮುಂದಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಮಲಗಿಸಿ. ಹ್ಯಾಚ್‌ಬ್ಯಾಕ್ ಆದರೆ ಡಿಕ್ಕಿಯಿಂದ ಸಲೀಸಾಗಿ ಬರುತ್ತದೆ. ನಿಮ್ಮ ಸೆಡಾನಿನಲ್ಲಿ ಮುಂದಿನ ಎಡಗಡೆ ಬಾಗಿಲಿನಿಂದ ಓರೆ ಮಾಡಿ ತರಬೇಕು. ಒಬ್ಬರು ಒಳಗೆ, ಒಬ್ಬರು ಹೊರಗೆ. ಬಗ್ಗಿಸಿದರೆ ಬೋರ್ಡಿಗೆ ಗೀರು ಮಡಿಕೆ ಬೀಳುತ್ತದೆ, ಆ ಮಡಿಕೆ ಹೊಸ ಬಟ್ಟೆಯ ಮೇಲೂ ಕಾಣುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ.

ಈಗ ಮುಖ್ಯವಾದ ಕೆಲಸ, ಯಾರಿಗೂ ಇಷ್ಟವಿಲ್ಲದ ಕೆಲಸ. ಬಟ್ಟೆ ಎಳೆದರೆ ಸುಲಭವಾಗಿ ಬರುತ್ತದೆ, ಸ್ಪಂಜು ಬೋರ್ಡಿಗೇ ಉಳಿಯುತ್ತದೆ. ಅದನ್ನು ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ತಂತಿ ಬ್ರಷ್ಷು ಬೇಡ, ಬೋರ್ಡಿನ ಮೈ ಕಿತ್ತು ಬರುತ್ತದೆ. ನೀರೂ ಬೇಡ. ಮಾಸ್ಕ್ ಹಾಕಿಕೊಳ್ಳಿ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ, ಯಾಕೆಂದರೆ ಎಷ್ಟೋ ಬೋರ್ಡುಗಳಲ್ಲಿ ಗಾಜಿನ ನಾರು ಇರುತ್ತದೆ, ಮೈಗೆ ಹತ್ತಿದರೆ ತುರಿಕೆ. ಉಜ್ಜಿ ಗುಡಿಸಿದ ಮೇಲೆ ಅಂಗೈಯಿಂದ ಒರೆಸಿ ನೋಡಿ. ಕೈಗೆ ಪುಡಿ ಹತ್ತಿದರೆ ಇನ್ನೂ ಮುಗಿದಿಲ್ಲ, ಮತ್ತೆ ಉಜ್ಜಿ. ಹೊಸ ಬಟ್ಟೆ ಎಷ್ಟು ವರ್ಷ ನಿಲ್ಲುತ್ತದೆ ಅನ್ನೋದು ಇಲ್ಲೇ ತೀರ್ಮಾನ ಆಗುತ್ತದೆ. ಬೋರ್ಡು ಎಲ್ಲಾದರೂ ಸೀಳಿದ್ದರೆ ತಗಡಿನ ಕಡೆಯ ಮೈಗೆ ಗಟ್ಟಿ ಬಟ್ಟೆಯ ತೇಪೆ ಅಂಟಿಸಿ ಒಣಗಿಸಿಕೊಳ್ಳಿ.

ಬಟ್ಟೆ ಕೊಳ್ಳುವಾಗ ಬೆನ್ನಿಗೆ ಸ್ಪಂಜು ಇರುವ ರೂಫ್ ಬಟ್ಟೆಯನ್ನೇ ಕೇಳಿ. ಬೆಂಗಳೂರಿಗೆ ಬರುವವರಿದ್ದರೆ ಜೆ.ಸಿ. ರಸ್ತೆಯ ಕಡೆ ಹೋಗಿ, ಕಾರಿನ ಬಟ್ಟೆ, ಸೀಟು, ಬಿಡಿಭಾಗದ ಅಂಗಡಿಗಳು ಸಾಲಾಗಿ ಇವೆ. ನಿಮ್ಮ ಊರಲ್ಲೂ ಕುಶನ್ ಕೆಲಸದವರು ತರಿಸಿ ಕೊಡುತ್ತಾರೆ. ಮನೆಯಲ್ಲಿರುವ ತೆಳು ಬಟ್ಟೆ ಹಾಕಲೇಬೇಡಿ. ಗಮ್ಮು ಅದರಲ್ಲಿ ಇಳಿದು ಕಲೆ ಆಗುತ್ತದೆ, ಬೋರ್ಡಿನ ಒಂದೊಂದು ಉಬ್ಬು ತಗ್ಗೂ ಎದ್ದು ಕಾಣುತ್ತದೆ. ದಪ್ಪ ರೆಕ್ಸಿನ್ನೂ ಬೇಡ, ಭಾರ ಜಾಸ್ತಿ, ತಗ್ಗುಗಳಿಗೆ ಬಗ್ಗುವುದಿಲ್ಲ. ಬೋರ್ಡಿನ ಅಳತೆಗಿಂತ ಸುತ್ತಲೂ ಒಂದು ಗೇಣು ಜಾಸ್ತಿ ಇರಲಿ.

ಗಮ್ಮು ರಬ್ಬರ್ ಜಾತಿಯದ್ದು ಬೇಕು, ಎರಡೂ ಕಡೆ ಹಚ್ಚಿ ಒಣಗಿಸಿ ಅಂಟಿಸುವಂಥದ್ದು. ಬಿಳಿ ಫೆವಿಕಾಲ್ ಮರಕ್ಕೆ ಒಳ್ಳೆಯದು, ಇಲ್ಲಿಗಲ್ಲ. ಸ್ಪ್ರೇ ತರುವುದಾದರೆ ಡಬ್ಬದ ಮೇಲೆ ಹೆಚ್ಚಿನ ಬಿಸಿ ತಡೆಯುತ್ತದೆ ಅಂತ ಬರೆದಿದೆಯಾ ಓದಿ. ಅಗ್ಗದ ಸ್ಪ್ರೇಗಳು ಮೊದಲ ಏಪ್ರಿಲ್‌ನಲ್ಲೇ ಮೆತ್ತಗಾಗುತ್ತವೆ. ಈ ಗಮ್ಮಿಗೆ ಬೆಂಕಿ ಬೇಗ ಹತ್ತುತ್ತದೆ, ಆದ್ದರಿಂದ ಬಯಲಲ್ಲೇ ಕೆಲಸ ಮಾಡಿ, ಹತ್ತಿರ ಒಲೆ, ಬೀಡಿ, ಸಿಗರೇಟು ಏನೂ ಇರಬಾರದು.

ಅಂಟಿಸುವ ರೀತಿ ಹೀಗೆ. ಬಟ್ಟೆಯನ್ನು ಬೋರ್ಡಿನ ಮೇಲೆ ಪೂರ್ತಿ ಹಾಸಿ, ಅರ್ಧವನ್ನು ಹಿಂದಕ್ಕೆ ಮಡಚಿ. ತೆರೆದ ಅರ್ಧ ಬೋರ್ಡಿಗೂ ಬಟ್ಟೆಯ ಸ್ಪಂಜಿಗೂ ತೆಳ್ಳಗೆ ಗಮ್ಮು ಹಚ್ಚಿ. ಬೆರಳು ಇಟ್ಟರೆ ಅಂಟಬೇಕು, ಆದರೆ ಬೆರಳಿಗೆ ಗಮ್ಮು ಬರಬಾರದು, ಆ ಹದಕ್ಕೆ ಕಾಯಿರಿ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಅಂಗೈಯಲ್ಲಿ ಸವರುತ್ತಾ ಬನ್ನಿ. ವೈಸರ್ ಕೂರುವ ತಗ್ಗು, ಲೈಟಿನ ತಗ್ಗು ಬಂದಾಗ ಬಟ್ಟೆಯನ್ನು ತಗ್ಗಿನ ಮೇಲೆ ಬಿಗಿಯಾಗಿ ಎಳೆದು ಬಿಡಬೇಡಿ, ಮೊದಲು ತಗ್ಗಿನ ತಳಕ್ಕೆ ಬೆರಳಿಂದ ಒತ್ತಿ ಕೂರಿಸಿ ಮುಂದೆ ಹೋಗಿ. ಎಳೆದು ಅಂಟಿಸಿದ ತಗ್ಗು ಡೋಲಿನ ಚರ್ಮದ ಹಾಗೆ ಬಿಗಿಯಾಗಿ ಕಾಣುತ್ತದೆ, ಎರಡು ತಿಂಗಳಿಗೆ ಅಲ್ಲಿಂದಲೇ ಬಿಡುತ್ತದೆ. ಒಂದು ಕಡೆ ಆದ ಮೇಲೆ ಇನ್ನೊಂದು ಅರ್ಧ. ಅಂಚಿನಲ್ಲಿ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಿ ಬೋರ್ಡಿನ ಹಿಂದಕ್ಕೆ ಮಡಚಿ ಅಂಟಿಸಿ. ಒಂದು ದಿನ ಪೂರ್ತಿ ನೆರಳಲ್ಲಿ ಬಿಟ್ಟು ಆಮೇಲೆ ಕಾರಿಗೆ ಹಾಕಿ.

ನಿಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಈ ಕೆಲಸಕ್ಕೆ ಇಳಿಯಬೇಡಿ, ಗಮ್ಮು ಹಚ್ಚುವಷ್ಟರಲ್ಲಿ ಒಣಗಿ ಹೋಗಿರುತ್ತದೆ. ಬೆಳಿಗ್ಗೆ ಬೇಗ ಮಾಡಿ.

ಅಂಗಡಿಗೇ ಕೊಡುವುದಾದರೆ ದುಡ್ಡಿನ ಮಾತಿಗೆ ಮುಂಚೆ ಇಷ್ಟು ಕೇಳಿ: ಬೋರ್ಡು ಹೊರಗೆ ತೆಗೀತೀರಾ, ಹಳೇ ಸ್ಪಂಜು ಪೂರ್ತಿ ಕೆರೀತೀರಾ, ಬಟ್ಟೆಗೆ ಸ್ಪಂಜು ಇದೆಯಾ? ಬೋರ್ಡು ತೆಗೆಯದೆ ಒಳಗೇ ಮಾಡ್ತೀವಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕೆಲಸ ಆದ ಮೇಲೆ ಒಂದು ಮಾತು ನೆನಪಿರಲಿ. ಕಾರು ತೊಳೆಯುವ ಕಡೆ ಒಳಗಿನ ಕ್ಲೀನಿಂಗ್ ಅಂತ ರೂಫಿಗೂ ಶಾಂಪೂ ನೊರೆ ಹಾಕಿ ತಿಕ್ಕುತ್ತಾರೆ. ಹಾಗೆ ಮಾಡಲು ಮಾತ್ರ ಬಿಡಬೇಡಿ. ನೀರು ಸ್ಪಂಜಿನಲ್ಲಿ ಇಳಿದು ಗಮ್ಮು ಸಡಿಲ ಆಗುತ್ತದೆ. ಚೆನ್ನಾಗಿದ್ದ ರೂಫ್ ತೊಳೆಸಿದ ಮೇಲೇ ಇಳಿದ ಕಾರುಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಒದ್ದೆ ಬಟ್ಟೆ ಹಿಂಡಿ ಮೇಲೆ ಮೇಲೆ ಒರೆಸಿದರೆ ಸಾಕು.

ಪ್ರಶ್ನೆ: ಮಂಗಳೂರಿನಿಂದ ಬರೆಯುತ್ತಿದ್ದೇನೆ. ಕಾರಿಗೆ ಇನ್ನೂ 4 ವರ್ಷ, ಸನ್‌ರೂಫ್ ಇದೆ. ಈ ಮಳೆಗಾಲದಲ್ಲಿ ಡ್ರೈವರ್ ಕಡೆ ಮುಂದಿನ ಮೂಲೆಯಲ್ಲಿ ಬಟ್ಟೆ ಬಿಟ್ಟುಕೊಂಡಿದೆ, ಸುತ್ತ ಕಂದು ಬಣ್ಣದ ಉಂಗುರದಂಥ ಕಲೆ. ಅಂಟಿಸಿದರೆ ಸಾಕಾ?

ಉತ್ತರ: ಬೇಡ ಮೇಡಂ, ಈಗ ಬಟ್ಟೆಗೆ ಕೈ ಹಾಕಲೇಬೇಡಿ. ಆ ಉಂಗುರ ನೀರಿನ ಗುರುತು. ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹಿಡಿಯಬೇಕು.

ಸನ್‌ರೂಫಿನ ಗಾಜು ಮಳೆಯನ್ನು ಪೂರ್ತಿ ತಡೆಯುವುದಿಲ್ಲ. ಸ್ವಲ್ಪ ನೀರು ಒಳಗೆ ಬರುತ್ತದೆ ಅಂತ ಲೆಕ್ಕ ಹಾಕಿಯೇ ಕೆಳಗೆ ಸುತ್ತಲೂ ಒಂದು ಕಾಲುವೆ ಇಟ್ಟಿರುತ್ತಾರೆ, ಮೂಲೆಗಳಿಂದ ಸಣ್ಣ ಪೈಪುಗಳು ಕಂಬದೊಳಗೆ ಇಳಿದು ನೀರನ್ನು ಕಾರಿನ ಕೆಳಗೆ ಬಿಡುತ್ತವೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಎಲೆ, ಹೂವಿನ ಪುಡಿ, ಮಣ್ಣು ಸೇರಿ ಪೈಪು ಕಟ್ಟುತ್ತದೆ. ಕಾಲುವೆ ತುಂಬಿದ ನೀರು ಲೈನಿಂಗ್ ಮೇಲೆ ಚೆಲ್ಲುತ್ತದೆ. ಜೂನ್ ಜುಲೈನಲ್ಲಿ ನಿಮ್ಮ ಕರಾವಳಿಯ ಮಳೆಗೆ ಇದು ಒಂದೇ ರಾತ್ರಿಯ ಮಾತು.

ಮಳೆ ಬಿಟ್ಟಾಗ ಸನ್‌ರೂಫ್ ತೆಗೆದು ಮೂಲೆಯ ತೂತಿನ ಹತ್ತಿರ ಅರ್ಧ ಲೋಟ ನೀರು ನಿಧಾನವಾಗಿ ಹಾಕಿ. ಒಬ್ಬರು ಕೆಳಗೆ ಬಗ್ಗಿ ನೋಡಲಿ. ಒಂದು ಮೂಲೆಯ ನೀರು ಕೆಳಗೆ ಸುರಿದು ಇನ್ನೊಂದು ಮೂಲೆಯದು ಅಲ್ಲೇ ನಿಂತರೆ ಆ ಮೂಲೆಯ ಪೈಪು ಕಟ್ಟಿದೆ ಅಂತ ಅರ್ಥ. ಗಟ್ಟಿ ತಂತಿ ತುರುಕಬೇಡಿ, ಪೈಪು ಒಳಗೇ ಕಳಚಿಕೊಂಡರೆ ಇಡೀ ಲೈನಿಂಗ್ ಬಿಚ್ಚಬೇಕು. ಹುಲ್ಲು ಕತ್ತರಿಸುವ ಮಿಷನ್ನಿನ ನೈಲಾನ್ ದಾರ ಮೆತ್ತಗಿರುತ್ತದೆ, ಅದನ್ನು ನಿಧಾನವಾಗಿ ಇಳಿಸಿ.

4 ವರ್ಷ ಅಂದಿರಲ್ಲ, ಮೊದಲು ವಾರಂಟಿ ಕಾಗದ ನೋಡಿ, ವಿಸ್ತರಿಸಿದ ವಾರಂಟಿ ಇದ್ದರೆ ಏನೂ ಬಿಚ್ಚದೆ ಫೋಟೋ ತೆಗೆದು ಶೋರೂಮಿಗೆ ಹೋಗಿ. ನೀರು ಸೋರುವುದು ನಿಂತು, ಬೋರ್ಡು ಪೂರ್ತಿ ಒಣಗಿದ ಮೇಲೆಯೇ ಬಟ್ಟೆಯ ವಿಷಯ. ಒತ್ತಿದರೆ ಬೋರ್ಡು ನೆನೆದ ರಟ್ಟಿನ ಹಾಗೆ ಮೆತ್ತಗಿದ್ದರೆ ಮಾತ್ರ ಅದನ್ನು ಬದಲಿಸಬೇಕು. ಮಳೆಗಾಲದ ತೇವದಲ್ಲಿ ಗಮ್ಮು ಬೆಳ್ಳಗಾಗಿ ಹಿಡಿತ ಕಳೆದುಕೊಳ್ಳುತ್ತದೆ, ಸಾಧ್ಯವಾದರೆ ಅಕ್ಟೋಬರ್ ಕಳೆಯಲಿ. ಸನ್‌ರೂಫ್ ಇರುವ ಲೈನಿಂಗ್ ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಪ್ರಶ್ನೆ: ಮುಂದಿನ ವಾರ ಊರಿಗೆ ಹೋಗಬೇಕು, ರೂಫ್ ಬಟ್ಟೆ ಇಳಿದು ಹಿಂದಿನ ಗ್ಲಾಸ್ ಕಾಣುತ್ತಿಲ್ಲ. ಸದ್ಯಕ್ಕೆ ಪಿನ್ನು ಚುಚ್ಚಿಕೊಳ್ಳಬಹುದಾ?

ಉತ್ತರ: ಚುಚ್ಚಿಕೊಳ್ಳಿ, ಕನ್ನಡಿಯಲ್ಲಿ ಹಿಂದೆ ಕಾಣದೆ ಓಡಿಸುವುದಕ್ಕಿಂತ ಅದೇ ವಾಸಿ. ಸೋಫಾ ಕೆಲಸಕ್ಕೆ ಬಳಸುವ, ತಿರುಗಿಸಿ ಕೂರಿಸುವ ಪಿನ್ನು ಸಿಕ್ಕರೆ ಒಳ್ಳೆಯದು. ನೋಟೀಸ್ ಬೋರ್ಡಿನ ಗುಂಡು ಪಿನ್ನು ಬೇಡ, ಹಂಪಿನಲ್ಲಿ ಉದುರಿ ಸೀಟಿನ ಮೇಲೆ ಬೀಳುತ್ತದೆ, ಮಕ್ಕಳು ಕೂರುತ್ತಾರೆ ಅಲ್ವಾ. ಬಾಗಿಲ ಮೇಲಿನ ಅಂಚಿಗೆ ಎಲ್ಲೂ ಚುಚ್ಚಬೇಡಿ. ಬಟ್ಟೆಯನ್ನು ಸುಮ್ನೆ ಕಿತ್ತು ಹಾಕೋಣ ಅನ್ನಿಸಬಹುದು, ಆಗ ಸ್ಪಂಜಿನ ಪುಡಿ ದಾರಿಯುದ್ದಕ್ಕೂ ಕಣ್ಣಿಗೆ ಉದುರುತ್ತದೆ. ಊರಿಂದ ಬಂದ ತಕ್ಷಣ ಸರಿ ಮಾಡಿಸಿ.

ಪ್ರಶ್ನೆ: ಮೈಸೂರಿನಲ್ಲಿ ಅಪ್ಪನ ಕಾಲದ ಅಂಬಾಸಿಡರ್ ಇದೆ. ಅದರ ರೂಫ್ ಬಟ್ಟೆ ಹರಿದಿದೆ. ಇದಕ್ಕೂ ಹೀಗೇನಾ?

ಉತ್ತರ: ಇದು ಬೇರೆ ವಿದ್ಯೆ. ಅಂಬಾಸಿಡರ್, ಪದ್ಮಿನಿಯಂಥ ಹಳೇ ಕಾರುಗಳಲ್ಲಿ ಬೋರ್ಡು ಇಲ್ಲ. ಬಟ್ಟೆಯ ಹಿಂದೆ ಅಡ್ಡಡ್ಡ ಜೇಬುಗಳನ್ನು ಹೊಲಿದು, ಅದರಲ್ಲಿ ಬಾಗಿದ ಕಂಬಿಗಳನ್ನು ತೂರಿಸಿ, ಕಂಬಿಯ ತುದಿಗಳನ್ನು ಎರಡು ಪಕ್ಕಕ್ಕೆ ಸಿಕ್ಕಿಸಿರುತ್ತಾರೆ. ಕಂಬಿಯ ಮೇಲೆ ಡೇರೆಯ ಹಾಗೆ ನಿಲ್ಲುತ್ತದೆ. ಇದಕ್ಕೆ ಹೊಲಿಗೆ ಬಲ್ಲ ಹಳೇ ಕುಶನ್ ಕೆಲಸದವರೇ ಬೇಕು, ಮೈಸೂರಲ್ಲಿ ಇನ್ನೂ ಇದ್ದಾರೆ, ಟಿಂಕರಿಂಗ್ ಗ್ಯಾರೇಜುಗಳಲ್ಲಿ ವಿಚಾರಿಸಿ. ಹಳೇ ಬಟ್ಟೆಯನ್ನು ಹರಿಯದೆ ಹೊಲಿಗೆ ಬಿಚ್ಚಿ ತೆಗೆಯಲು ಹೇಳಿ, ಹೊಸದಕ್ಕೆ ಅದೇ ಅಳತೆ. ಕಂಬಿಗಳ ಉದ್ದ, ಬಾಗು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ತೆಗೆಯುವಾಗಲೇ ಮುಂದಿನಿಂದ ಹಿಂದಕ್ಕೆ 1, 2, 3 ಅಂತ ಟೇಪು ಸುತ್ತಿ ಬರೆದಿಡಿ, ತುಕ್ಕು ಹಿಡಿದಿದ್ದರೆ ಉಜ್ಜಿ ಬಣ್ಣ ಹೊಡೆಸಿ. ಮುಂದಿನ ಹಿಂದಿನ ಗ್ಲಾಸಿನ ರಬ್ಬರ್ ಹೇಗಿದ್ದರೂ ಬಿಚ್ಚುತ್ತಾರೆ, ಬಿರುಕು ಬಿಟ್ಟಿದ್ದರೆ ಹೊಸದನ್ನು ಮೊದಲೇ ತಂದಿಟ್ಟುಕೊಂಡು ಆಮೇಲೆ ಕಾರು ಕೊಡಿ.